ಮಾವುತನ ಮಗನೂ ಕಾಕನಕೋಟೆಯ ಆನೆಗಳೂ

ಮನೆಮಂದಿಯೆಲ್ಲ ಕೂತು ನೋಡಬಹುದಾದ, ಕಾಡುಪ್ರಾಣಿಗಳಿರುವ ಸಾಹಸದ ಚಿತ್ರ ಯಾವುದಾದರೂ ಉಂಟೇ ಎಂದು ಕೇಳುವವರು ನಮ್ಮಲ್ಲಿ ಬಹಳ ಮಂದಿ. ಅಂಥವರಿಗೆ ನಾವು ಮೊದಲು ಹೇಳಬೇಕಾದ ಹೆಸರು ‘ಎಲಿಫೆಂಟ್ ಬಾಯ್’. ಇದು ೧೯೩೭ರಲ್ಲಿ ತೆರೆಗೆ ಬಂದ ಇಂಗ್ಲಿಷ್ ಬೋಲುಪಟ. ತೆಗೆದದ್ದು ಲಂಡನ್ ಫಿಲ್ಮ್ಸ್ ಎಂಬ ಕಂಪೆನಿ. ಹೆಸರು ಕೇಳಿದರೆ ಪರದೇಶದ ಸರಕು ಎನ್ನಿಸುತ್ತದೆ. ಆದರೆ ಅದರಲ್ಲಿ ಕಾಣುವ ಕಾಡು ಹೆಗ್ಗಡದೇವನಕೋಟೆಯ ಕಡೆಯ ಕಾಕನಕೋಟೆಯ ಕಾಡು. ಹೊಳೆ ನಮ್ಮ ಕಬಿನಿ. ಆನೆ ಮೈಸೂರು ಅರಮನೆಯ ಐರಾವತ. ಆನೆಯ ನೆತ್ತಿಯ ಮೇಲೆ ಕೂತ ಹುಡುಗ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು.

ಈ ಚಿತ್ರವನ್ನು ನೋಡಿ ಬಂದವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡುತ್ತಾರೆ. ಆನೆಗೂ ಹುಡುಗನಿಗೂ ಎಂಥ ಪ್ರೀತಿ ಎಂದು ಕೆಲವರು. ಅದೆಲ್ಲ ಸ್ಟುಡಿಯೊದವರ ಕಣ್ಕಟ್ಟು ಎಂದು ಮಿಕ್ಕವರು. ಎರಡು ಮಾತೂ ಅರ್ಧ ಸರಿ. ಪ್ರೀತಿ ನಿಜವೇ, ಕಣ್ಕಟ್ಟೂ ಇದೆ. ಆದರೆ ಇವೆರಡರ ನಡುವೆ ಕೇಳಬೇಕಾದ ಪ್ರಶ್ನೆಯೊಂದು ಉಳಿದುಹೋಗುತ್ತದೆ. ಕಾಡಿನಲ್ಲಿ ಹುಟ್ಟಿದ ಆನೆ ಆ ಹುಡುಗನ ಕೈಗೆ ಬಂದದ್ದು ಹೇಗೆ? ಆ ಪ್ರಶ್ನೆಗೆ ಉತ್ತರವೂ ಈ ಚಿತ್ರದಲ್ಲೇ ಇದೆ. ನೋಡುವವರ ಕಣ್ಣು ಅತ್ತ ಹೋಗುವುದು ಮಾತ್ರ ಕಡಿಮೆ.

ಕಥೆಯನ್ನು ಮೊದಲು ಸಂಕ್ಷೇಪವಾಗಿ ಹೇಳಿಬಿಡೋಣ. ಮೂಲ ರಡ್ಯಾರ್ಡ್ ಕಿಪ್ಲಿಂಗನದು. ೧೮೯೪ರ ‘ಜಂಗಲ್ ಬುಕ್’ ಸಂಪುಟದಲ್ಲಿ ಬಂದ ಕಥೆ. ಹತ್ತು ವರ್ಷದ ಹುಡುಗ ತೂಮಾಯಿ. ಅಪ್ಪ, ತಾತ, ಮುತ್ತಾತ ಎಲ್ಲರೂ ಮಾವುತರು. ಅವರ ಆನೆಯ ಹೆಸರು ಕಾಲಾ ನಾಗ, ಅಂದರೆ ಕರಿಯ ಹಾವು. ಆನೆ ಹಿಡಿಯುವ ಇಲಾಖೆಯ ದೊರೆ ಪೀಟರ್ಸನ್ ಸಾಹೇಬ. ದೊಡ್ಡವನಾದ ಮೇಲೆ ಖೆಡ್ಡಾದ ಒಳಗೆ ಹೋಗಬೇಕೆಂದು ಹುಡುಗನಿಗೆ ಆಸೆ. ಆನೆಗಳು ಕುಣಿಯುವುದನ್ನು ನೋಡಿದ ದಿನ ಬಾ ಎಂದು ಸಾಹೇಬ ನಗೆಯಾಡುತ್ತಾನೆ. ಮಾವುತರ ಮಾತಿನಲ್ಲಿ ಅದರ ಅರ್ಥ ಎಂದಿಗೂ ಇಲ್ಲ ಎಂದು. ಹುಡುಗ ಒಂದು ರಾತ್ರಿ ಕಾಲಾ ನಾಗನ ಬೆನ್ನ ಮೇಲೆಯೇ ಕಾಡಿನ ನಡುವಿನ ಆ ಕುಣಿತವನ್ನು ನೋಡಿ ಬರುತ್ತಾನೆ. ಕಿಪ್ಲಿಂಗ್ ಇದನ್ನೆಲ್ಲ ಇಟ್ಟದ್ದು ಗಾರೋ ಬೆಟ್ಟಗಳಲ್ಲಿ, ಈಗ ಮೇಘಾಲಯಕ್ಕೆ ಸೇರಿದ ಸೀಮೆಯಲ್ಲಿ.

ಚಿತ್ರದವರು ಈ ಚಿಕ್ಕ ಕಥೆಯನ್ನು ಹಿಗ್ಗಿಸಿದ್ದಾರೆ. ಬೇಟೆಯ ತಂಡದೊಡನೆ ಕಾಡಿಗೆ ಹೋದ ಅಪ್ಪನನ್ನು ಹುಲಿ ಕೊಲ್ಲುತ್ತದೆ. ಕಾಲಾ ನಾಗ ದುಃಖದಲ್ಲಿರುವಾಗ ಅದನ್ನು ಬೇರೊಬ್ಬ ಮಾವುತನಿಗೆ ಒಪ್ಪಿಸುತ್ತಾರೆ. ಅವನು ಹೊಡೆಯುತ್ತಾನೆ. ಆನೆ ರೊಚ್ಚಿಗೆದ್ದು ಬೀಡನ್ನೆಲ್ಲ ಧ್ವಂಸ ಮಾಡುತ್ತದೆ. ಆನೆಯನ್ನು ಗುಂಡಿಕ್ಕಿ ಕೊಲ್ಲಬೇಕೆಂಬ ಮಾತು ಕಿವಿಗೆ ಬಿದ್ದಾಗ ತೂಮಾಯಿ ಅದನ್ನು ಹತ್ತಿ ರಾತ್ರೋರಾತ್ರಿ ಕಾಡಿಗೆ ಓಡುತ್ತಾನೆ. ಅಲ್ಲಿ ಅವನಿಗೆ ಕಾಡಾನೆಗಳ ದೊಡ್ಡ ಹಿಂಡು ಕಾಣುತ್ತದೆ. ಪೀಟರ್ಸನ್ನನ ತಂಡ ಎಷ್ಟು ದಿನ ಹುಡುಕಿದರೂ ಸಿಕ್ಕದಿದ್ದ ಹಿಂಡು ಅದು. ಕೊನೆಗೆ ಹುಡುಗ ಆನೆಗಳ ತೂಮಾಯಿ ಎಂಬ ಬಿರುದು ಪಡೆಯುತ್ತಾನೆ. ಈ ಕೊನೆಯ ಭಾಗವನ್ನು ವಾಚಕರು ನೆನಪಿನಲ್ಲಿಡಬೇಕು. ಅದರ ವಿಚಾರ ಮುಂದೆ ಬರುತ್ತದೆ.

ಇನ್ನು ಚಿತ್ರ ತಯಾರಾದ ಬಗೆ. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಹಂಗೆರಿಯಿಂದ ಬಂದು ಲಂಡನ್ನಿನಲ್ಲಿ ದೊಡ್ಡ ವ್ಯಾಪಾರ ಹೂಡಿದವನು. ಅವನು ಗೊತ್ತು ಮಾಡಿದ ದಿಗ್ದರ್ಶಕ ಅಮೆರಿಕದ ರಾಬರ್ಟ್ ಫ್ಲಾಹರ್ಟಿ. ೧೯೨೨ರಲ್ಲಿ ಉತ್ತರ ಧ್ರುವದ ಕಡೆಯ ಹಿಮವಾಸಿಗಳ ಬಾಳನ್ನು ಕುರಿತು ‘ನಾನೂಕ್ ಆಫ್ ದಿ ನಾರ್ತ್’ ಚಿತ್ರವನ್ನು ತೆಗೆದು ಹೆಸರಾದವನು. ಫ್ಲಾಹರ್ಟಿಯ ಪದ್ಧತಿಯೇ ಬೇರೆ. ಕಥೆಯನ್ನು ಬರೆದಿಟ್ಟುಕೊಂಡು ಚಿತ್ರ ತೆಗೆಯುವವನಲ್ಲ. ಒಂದು ಸೀಮೆಗೆ ಹೋಗಿ ಬಿಡಾರ ಹೂಡಿ, ಜನರ ನಡುವೆ ತಿಂಗಳುಗಟ್ಟಲೆ ಇದ್ದು, ಕಣ್ಣಿಗೆ ಬಿದ್ದದ್ದನ್ನೆಲ್ಲ ತೆಗೆಯುತ್ತ ಹೋಗುವವನು. ೧೯೩೫ರಲ್ಲಿ ಅವನು ಮೈಸೂರಿಗೆ ಬಂದ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಚಿತ್ರದವರ ಬಿಡಾರಕ್ಕೂ ಕೆಲಸಕ್ಕೂ ಮೈಸೂರಿನ ಚಿತ್ತರಂಜನ ಮಹಲನ್ನೇ ಬಿಟ್ಟುಕೊಟ್ಟರು. ಅರಮನೆಯ ಆನೆಗಳೂ ದೊರೆತವು. ಫ್ಲಾಹರ್ಟಿಯ ಹೆಂಡತಿ ಫ್ರಾನ್ಸಿಸ್ ಜೊತೆಗಿದ್ದಳು. ಆಗಿನ ದಿನಗಳನ್ನು ಕುರಿತು ಆಕೆ ಬರೆದ ‘ಎಲಿಫೆಂಟ್ ಡಾನ್ಸ್’ ಎಂಬ ಪುಸ್ತಕ ೧೯೩೭ರಲ್ಲಿ ಅಚ್ಚಾಯಿತು.

ತೂಮಾಯಿಯ ಪಾತ್ರಕ್ಕೆ ತಕ್ಕ ಹುಡುಗ ಬೇಕಾಗಿತ್ತು. ಆಸ್ಮಂಡ್ ಬೊರಡೇಲ್ ಎಂಬ ಛಾಯಾಗ್ರಾಹಕನ ಕಣ್ಣಿಗೆ ಮಹಾರಾಜರ ಆನೆ ಲಾಯದಲ್ಲಿ ಸಾಬು ಬಿದ್ದ. ಹುಟ್ಟಿದ್ದು ೧೯೨೪ರ ಜನವರಿಯಲ್ಲಿ. ತಂದೆ ಮಾವುತ, ಹುಡುಗ ತೀರ ಎಳೆಯವನಿದ್ದಾಗಲೇ ತೀರಿಕೊಂಡವನು. ಲಾಯವೇ ಹುಡುಗನ ಮನೆಯಾಗಿತ್ತು. ಆನೆಯ ಸೊಂಡಿಲಿಗೆ ಕಾಲು ಕೊಟ್ಟು ನೆತ್ತಿಗೆ ಏರುವುದು, ಕಿವಿಯ ಹಿಂದೆ ಕಾಲ್ಬೆರಳು ಒತ್ತಿ ಆನೆಯನ್ನು ತಿರುಗಿಸುವುದು, ಹೊಳೆಯಲ್ಲಿ ಮಲಗಿಸಿ ಮೈಯುಜ್ಜುವುದು, ಇವನ್ನು ಅವನಿಗೆ ಯಾವ ದಿಗ್ದರ್ಶಕನೂ ಕಲಿಸಬೇಕಾಗಿರಲಿಲ್ಲ. ಚಿತ್ರದ ಮೊದಲಲ್ಲಿ ಈ ಹುಡುಗ ನೇರವಾಗಿ ನಮ್ಮತ್ತ ತಿರುಗಿ ಕಥೆಯನ್ನು ಪರಿಚಯ ಮಾಡಿಕೊಡುತ್ತಾನೆ. ಕಲಿತು ಹೆಚ್ಚು ಕಾಲವಾಗದ ಇಂಗ್ಲಿಷು, ಆದರೆ ಎಲ್ಲಿಯೂ ಅಳುಕಿಲ್ಲ. ನಮ್ಮ ಮಟ್ಟಿಗೆ ಹೇಳುವುದಾದರೆ, ಇಡೀ ಚಿತ್ರದಲ್ಲಿ ನಟನೆ ಎಂದು ಅನ್ನಿಸದ ನಟನೆ ಇವನದೂ ಐರಾವತನದೂ ಮಾತ್ರ.

ಫ್ಲಾಹರ್ಟಿಯ ನಿಧಾನ ಕೋರ್ಡಾಗೆ ಸಹಿಸಲಿಲ್ಲ. ಮಳೆಗಾಲ ಬೇರೆ ಅಡ್ಡ ಬಂತು. ಲಕ್ಷಗಟ್ಟಲೆ ಅಡಿ ಫಿಲ್ಮು ಓಡಿತ್ತು, ಕಥೆ ಮಾತ್ರ ಕೂಡಿಬಂದಿರಲಿಲ್ಲ. ಕೊನೆಗೆ ಕೋರ್ಡಾ ತನ್ನ ತಮ್ಮ ಜೋಲ್ಟಾನನನ್ನು ಕಳುಹಿಸಿದ. ೧೯೩೬ರಲ್ಲಿ ಎಲ್ಲರೂ ಇಂಗ್ಲೆಂಡಿಗೆ ಹೊರಟರು. ಸಾಬುವೂ ಅವನ ಅಣ್ಣನೂ ಹಡಗು ಹತ್ತಿದರು. ಲಂಡನ್ನಿನ ಹತ್ತಿರದ ಡೆನ್‌ಹ್ಯಾಂ ಸ್ಟುಡಿಯೊದಲ್ಲಿ ಕಾಡಿನ ಬೀಡನ್ನು ಮತ್ತೆ ಕಟ್ಟಿ ಸಂಭಾಷಣೆಯ ದೃಶ್ಯಗಳನ್ನೆಲ್ಲ ಅಲ್ಲಿ ತೆಗೆದರು. ಪೀಟರ್ಸನ್ನನಾಗಿ ವಾಲ್ಟರ್ ಹಡ್, ಮುಖ್ಯ ಬೇಟೆಗಾರ ಮಾಚುವಾ ಅಪ್ಪನಾಗಿ ಅಲನ್ ಜೇಯ್ಸ್. ಬಿಳಿಯರು ಮುಖಕ್ಕೆ ಕಂದು ಬಣ್ಣ ಬಳಿದು, ರುಮಾಲು ಸುತ್ತಿ, ಮಾವುತರಾಗಿ ಮಾತನಾಡುವುದನ್ನು ನೋಡುವಾಗ ನಮಗೆ ನಗು ಬರದೆ ಇರದು. ಹೀಗೆ ಒಂದೇ ಚಿತ್ರದಲ್ಲಿ ಎರಡು ಚಿತ್ರಗಳು ಸೇರಿವೆ. ಬಯಲಿನ ಬೆಳಕು, ಹೊಳೆ, ಊರ ಬೀದಿ, ಆನೆಗಳ ನಡಿಗೆ ಎಲ್ಲಿ ಕಾಣುತ್ತವೆಯೋ ಅದು ಮೈಸೂರು ಸೀಮೆ. ಗುಡಾರದೊಳಗೆ ನಿಂತು ಇಂಗ್ಲಿಷಿನಲ್ಲಿ ಉದ್ದುದ್ದ ಮಾತು ಎಲ್ಲಿ ಕೇಳುತ್ತದೆಯೋ ಅದು ಡೆನ್‌ಹ್ಯಾಂ. ಆನೆಗಳ ಕುಣಿತವೂ ಪಳಗಿದ ಆನೆಗಳನ್ನು ನಡೆಸಿ, ಕತ್ತಲೆಯನ್ನೂ ಕತ್ತರಿಯನ್ನೂ ಉಪಯೋಗಿಸಿ ಕೂಡಿಸಿದ ಕೈಚಳಕವೇ. ಆದರೂ ೧೯೩೭ರ ವೆನಿಸ್ ಚಿತ್ರೋತ್ಸವದಲ್ಲಿ ದಿಗ್ದರ್ಶನದ ಬಹುಮಾನ ಈ ಚಿತ್ರಕ್ಕೆ ಬಂತು. ಹಂಚಿಕೊಂಡವರು ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೋರ್ಡಾ.

ಚಿತ್ರದಲ್ಲಿ ಯಾವ ಸ್ಟುಡಿಯೊದವನೂ ಕಟ್ಟಲಾರದ ದೃಶ್ಯವೊಂದಿದೆ. ಕಾಡಾನೆಗಳ ಹಿಂಡು ಮರಗಳ ನಡುವಿನಿಂದ ಹೊರಬಿದ್ದು ಹೊಳೆಗೆ ನುಗ್ಗುವ ದೃಶ್ಯ. ದೊಡ್ಡ ಹೆಣ್ಣಾನೆಗಳು ಮುಂದೆ, ಮರಿಗಳು ನಡುವೆ ಒತ್ತಿಕೊಂಡು, ನೀರೆಲ್ಲ ನೊರೆ. ಇದು ಕಾಕನಕೋಟೆಯ ಖೆಡ್ಡಾ. ಮಾಸ್ತಿಯವರ ‘ಕಾಕನಕೋಟೆ’ ನಾಟಕ ಓದಿದವರಿಗೆ ಈ ಕಾಡಿನ ಹೆಸರು ಹೊಸದಲ್ಲ. ಖೆಡ್ಡಾ ಎಂದರೇನು ಎಂಬುದು ಮಾತ್ರ ನಗರದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ತಿಳಿದಿರಲಾರದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಮ್ಮ ಆಡುಮಾತಿನಲ್ಲಿ ಒಬ್ಬನನ್ನು ಖೆಡ್ಡಾಕ್ಕೆ ಕೆಡವಿದರು ಎನ್ನುತ್ತೇವೆ. ಗುಂಡಿ ತೋಡಿ ಬೀಳಿಸಿದರು ಎಂಬುದು ನಮ್ಮ ಮನಸ್ಸಿನಲ್ಲಿರುವ ಚಿತ್ರ. ಹಿಂದೆ ಆನೆಗಳನ್ನು ಹಿಡಿಯುತ್ತಿದ್ದದ್ದು ಹಾಗೆಯೇ. ಆನೆ ನಡೆಯುವ ದಾರಿಯಲ್ಲಿ ಆಳವಾದ ಗುಂಡಿ ತೋಡಿ, ಮೇಲೆ ಬಿದಿರು ಸೊಪ್ಪು ಹರಡಿ ಮುಚ್ಚುವುದು. ಬಿದ್ದ ಆನೆಗಳು ಕಾಲು ಮುರಿದುಕೊಂಡು ಸಾಯುತ್ತಿದ್ದುದೂ ಉಂಟು. ಕಾಕನಕೋಟೆಯ ಖೆಡ್ಡಾ ಇದಲ್ಲ. ಅದು ಇಡೀ ಹಿಂಡನ್ನು ಅಟ್ಟಿಕೊಂಡು ಬಂದು ದೊಡ್ಡಿಗೆ ಕೂಡುವ ವಿಧಾನ. ಬಂಗಾಳ, ಅಸ್ಸಾಮಿನ ಕಡೆ ಹಳೆಯದು. ಮೈಸೂರಿಗೆ ತಂದವನು ಜಿ. ಪಿ. ಸ್ಯಾಂಡರ್‌ಸನ್ ಎಂಬ ಇಂಗ್ಲಿಷ್ ಅಧಿಕಾರಿ. ಚಾಮರಾಜನಗರದ ಕಡೆಯ ಕಾಡಿನಲ್ಲಿ ೧೮೭೩ರಲ್ಲಿ ಕೆಲಸ ಹಿಡಿದು, ೧೮೭೪ರಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡೊಂದನ್ನು ಹಿಡಿದ. ಅದಕ್ಕೆ ನೂರು ವರ್ಷ ಹಿಂದೆ ಹೈದರಾಲಿ ಅದೇ ಕಡೆ ಪ್ರಯತ್ನಿಸಿ ಸೋತು, ಇನ್ನು ಯಾರೂ ಗೆಲ್ಲಲಾರರೆಂದೂ ಪ್ರಯತ್ನಿಸಿದವನಿಗೆ ತನ್ನ ಶಾಪವಿರಲೆಂದೂ ಕಲ್ಲಿನ ಮೇಲೆ ಬರೆಸಿದ್ದನಂತೆ. ಈ ಸಂಗತಿಯನ್ನು ಹೇಳಿದವನು ಸ್ಯಾಂಡರ್‌ಸನ್ನನೇ, ೧೮೭೮ರ ತನ್ನ ಪುಸ್ತಕದಲ್ಲಿ. ಗೆದ್ದವನು ಹೇಳಿದ್ದರಿಂದ ಸ್ವಲ್ಪ ಉಪ್ಪು ಖಾರ ಹತ್ತಿರಬಹುದು. ಕಿಪ್ಲಿಂಗನ ಪೀಟರ್ಸನ್ ಸಾಹೇಬನಿಗೆ ಮಾದರಿ ಈ ಸ್ಯಾಂಡರ್‌ಸನ್ನನೇ ಎಂದು ಬಲ್ಲವರ ಅಭಿಪ್ರಾಯ. ಹಾಗಾದರೆ ಗಾರೋ ಬೆಟ್ಟದ ಕಥೆಯನ್ನು ಕಬಿನಿಗೆ ತಂದು ಚಿತ್ರ ಮಾಡಿದ್ದು ಅಷ್ಟೇನೂ ದೂರದ ಸಂಬಂಧವಲ್ಲ.

ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿದ್ದದ್ದು ಹೀಗೆ. ಮೊದಲು ಹಿಂಡುಗಳ ಜಾಡು ಹಿಡಿಯುವುದು. ಈ ಕೆಲಸ ಕಾಡಿನವರಾದ ಕುರುಬರದು. ಲದ್ದಿಯ ಬಿಸಿ, ಮುರಿದ ಬಿದಿರಿನ ಹಸಿ ನೋಡಿ ಹಿಂಡು ಎಷ್ಟು ದೂರದಲ್ಲಿದೆಯೆಂದು ಅವರು ಹೇಳಬಲ್ಲರು. ಆ ಮೇಲೆ ನೂರಾರು ಜನ ಹಿಂಡನ್ನು ಮೈಲುಗಟ್ಟಲೆ ದೂರದಿಂದ ಸುತ್ತುವರಿಯುತ್ತಾರೆ. ಹಗಲಲ್ಲಿ ತಮಟೆ, ಕೂಗು. ಇರುಳಲ್ಲಿ ಸಾಲುಸಾಲಾಗಿ ಬೆಂಕಿ. ಆನೆಗಳಿಗೆ ಎದುರಿಗೆ ಜನ ಕಾಣುವುದಿಲ್ಲ. ಗದ್ದಲವಿಲ್ಲದ ದಿಕ್ಕು ಒಂದೇ ಉಳಿದಿರುತ್ತದೆ. ಅವು ಅತ್ತಲೇ ಸರಿಯುತ್ತ ಹೋಗುತ್ತವೆ. ಆ ದಿಕ್ಕಿನಲ್ಲಿ ಹೊಳೆ. ಕೊನೆಯ ದಿನ ಒಮ್ಮೆಲೇ ಕೋವಿಯ ಸದ್ದು, ಬೊಬ್ಬೆ, ತಮಟೆ. ಹಿಂಡು ಹೊಳೆಗೆ ಬೀಳುತ್ತದೆ. ಎರಡು ಕಡೆಯೂ ಕುಂಕಿ ಆನೆಗಳ ಕಾವಲು. ಕುಂಕಿ ಎಂದರೆ ಕಾಡಾನೆಯನ್ನು ಹಿಡಿಯಲು ತರಬೇತಾದ ಪಳಗಿದ ಆನೆ. ಆಚೆ ದಡದಲ್ಲಿ ದಾರಿ ಒಂದೇ, ಅದು ಹೋಗಿ ಸೇರುವುದು ದಪ್ಪ ಮರದ ದಿಮ್ಮಿಗಳನ್ನು ನೆಟ್ಟು ಕಟ್ಟಿದ ದೊಡ್ಡಿಗೆ. ಕೊನೆಯ ಆನೆ ಒಳಗೆ ಬಿದ್ದೊಡನೆ ಬಾಗಿಲು ಇಳಿಬಿಡುತ್ತಾರೆ. ದೊರೆಗಳೂ ಅತಿಥಿಗಳೂ ಕೂತು ನೋಡಲು ಎತ್ತರದ ಅಟ್ಟಣೆಗಳಿರುತ್ತಿದ್ದವು. ಮುಂದೆ ಐದನೆಯ ಜಾರ್ಜ್ ಆದ ಇಂಗ್ಲೆಂಡಿನ ಯುವರಾಜ ೧೯೦೬ರಲ್ಲಿ ಇಲ್ಲಿಗೆ ಬಂದು ಖೆಡ್ಡಾ ನೋಡಿ ಹೋದ.

ಬಾಗಿಲು ಬಿದ್ದಲ್ಲಿಗೆ ನೋಟಕರ ಕುತೂಹಲ ಮುಗಿಯಿತು. ಮಾವುತರ ಕಷ್ಟದ ಕೆಲಸ ಅಲ್ಲಿಂದ ಮುಂದೆ. ಕುಂಕಿಗಳನ್ನು ಏರಿ ದೊಡ್ಡಿಯ ಒಳಕ್ಕೆ ಹೋಗುತ್ತಾರೆ. ಒಂದು ಕಾಡಾನೆಯನ್ನು ಹಿಂಡಿನಿಂದ ಬೇರೆ ಮಾಡಿ, ಎರಡು ಕುಂಕಿಗಳ ಮೈಯ ನಡುವೆ ಒತ್ತಿ ನಿಲ್ಲಿಸಬೇಕು. ಆಗ ಒಬ್ಬ ಮನುಷ್ಯ ಕುಂಕಿಯ ಹೊಟ್ಟೆಯ ಮರೆಯಲ್ಲಿ ನೆಲಕ್ಕಿಳಿದು, ಆ ಕಾಡಾನೆಯ ಹಿಂಗಾಲಿಗೆ ಹಗ್ಗ ತೊಡಿಸಬೇಕು. ಅವನ ಪ್ರಾಣಕ್ಕೆ ಆ ಕ್ಷಣದಲ್ಲಿ ಇರುವ ರಕ್ಷಣೆ ಎಂದರೆ ಕುಂಕಿಯ ಮೈಯೊಂದೇ. ಆಮೇಲೆ ಕತ್ತಿಗೆ ಹಗ್ಗ. ಹಗ್ಗಗಳಿಂದ ಜಗ್ಗಿ, ನೀರಿಗಿಳಿಸಿ, ಬೇರೆ ಬೇರೆ ಮರಗಳಿಗೆ ಕಟ್ಟುತ್ತಾರೆ. ತಾಯಿ ಒಂದು ಕಡೆ, ಬೆಳೆದ ಮರಿ ಒಂದು ಕಡೆ ಆಗುವುದುಂಟು. ಹಗ್ಗ ತಿಂದ ಜಾಗ ಹುಣ್ಣಾಗುತ್ತದೆ. ಕೆಲವು ಆನೆಗಳು ಮೇವು ಮುಟ್ಟುವುದಿಲ್ಲ. ವಾರಗಳು ತಿಂಗಳುಗಳು ಕಳೆದ ಮೇಲೆ ಮನುಷ್ಯನ ಕೈಯಿಂದ ಕಬ್ಬು ಬೆಲ್ಲ ತಿನ್ನಲು ಕಲಿಯುತ್ತವೆ, ಕೂಗಿದರೆ ತಿರುಗುತ್ತವೆ, ಕೂರು ಎಂದರೆ ಕೂರುತ್ತವೆ. ಒಳ್ಳೆಯವನ್ನು ಅರಮನೆಗೆ ಆರಿಸಿ ಉಳಿದವನ್ನು ಹರಾಜು ಹಾಕುತ್ತಿದ್ದರು. ದೇವಸ್ಥಾನ, ಮರದ ಡಿಪೊ, ಸರ್ಕಸ್ಸು, ಮೃಗಾಲಯ, ಯಾರು ಹೆಚ್ಚು ಕೂಗಿದರೆ ಅವರಿಗೆ.

೧೮೭೩ರಿಂದ ೧೯೭೧ರವರೆಗೆ ಮೈಸೂರು ಸೀಮೆಯಲ್ಲಿ ಮೂವತ್ತಾರು ಖೆಡ್ಡಾಗಳು ನಡೆದವೆಂದು ಲೆಕ್ಕ ಹೇಳುತ್ತಾರೆ. ಸಿಕ್ಕ ಆನೆಗಳು ಒಂದೂವರೆ ಸಾವಿರಕ್ಕೂ ಮಿಕ್ಕಿ. ಅವುಗಳಲ್ಲಿ ಹಿಡಿಯುವಾಗಲೋ ಪಳಗಿಸುವಾಗಲೋ ಸತ್ತವು ಇನ್ನೂರಕ್ಕೂ ಹೆಚ್ಚು. ಗುಂಡಿ ತೋಡುವುದಕ್ಕಿಂತ ಖೆಡ್ಡಾ ಎಷ್ಟೋ ಮೇಲು ಎಂದು ಸ್ಯಾಂಡರ್‌ಸನ್ ನಂಬಿದ್ದ. ಅದು ಸುಳ್ಳಲ್ಲ. ಮೇಲಾದ ಪದ್ಧತಿಯ ಲೆಕ್ಕವೇ ಇಷ್ಟಿದೆ.

ಇಷ್ಟು ಆನೆಗಳನ್ನು ಮತ್ತೆ ಮತ್ತೆ ಹಿಡಿಯಬೇಕಾದದ್ದು ಏಕೆ ಎಂದು ಯಾರಾದರೂ ಕೇಳಬಹುದು. ಮನೆಯಲ್ಲಿ ಹಸು ಕರು ಹಾಕುವಂತೆ ಲಾಯದಲ್ಲಿ ಆನೆ ಮರಿ ಹಾಕಬಾರದೇ? ಹಾಕುತ್ತದೆ, ಆದರೆ ಅಪರೂಪ. ಆನೆ ಗಬ್ಬವಾದರೆ ಹೊರುವುದು ಸುಮಾರು ಇಪ್ಪತ್ತೆರಡು ತಿಂಗಳು. ಈಯುವುದು ಸಾಮಾನ್ಯವಾಗಿ ಒಂದೇ ಮರಿ. ಆ ಮರಿ ದೊಡ್ಡ ಕೆಲಸಕ್ಕೆ ಬರಲು ಹದಿನೈದು ಇಪ್ಪತ್ತು ವರ್ಷ ಸಾಕಬೇಕು. ಅಷ್ಟು ವರ್ಷ ಮೇವು ಹಾಕುವುದಕ್ಕಿಂತ ಕಾಡಿನಿಂದ ಬೆಳೆದ ಆನೆಯನ್ನು ತರುವುದು ಅಗ್ಗ. ಹೀಗಾಗಿ ಹಸು, ಕುದುರೆ, ನಾಯಿಗಳ ಹಾಗೆ ಆನೆ ಸಾಕುಪ್ರಾಣಿಯ ಜಾತಿಯಾಗಲಿಲ್ಲ. ಹಸು ಸಾವಿರಾರು ವರ್ಷ ಮನುಷ್ಯನ ಹಟ್ಟಿಯಲ್ಲೇ ಹುಟ್ಟಿ ಬೆಳೆದು, ಅವನಿಗೆ ಬೇಕಾದಂತೆ ತಳಿ ತಳಿಯಾಗಿ ಬದಲಾದ ಪ್ರಾಣಿ. ಅರಮನೆಯ ಆನೆಯೂ ಕಾಡಿನ ಆನೆಯೂ ರಕ್ತದಲ್ಲಿ ಒಂದೇ. ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತು ನಡೆದ ಆನೆಗಳಲ್ಲಿ ಬಹುಪಾಲಿಗೆ ಕಾಡಿನಲ್ಲಿ ತಾಯಿಯೂ ಹಿಂಡೂ ಇದ್ದವು. ಪಳಗಿದ್ದು ಆ ಒಂದು ಆನೆ ಮಾತ್ರ, ಅದರ ಕುಲವಲ್ಲ.

ಇದನ್ನು ತಿಳಿದ ಮೇಲೆ ಚಿತ್ರದ ಕೊನೆಯನ್ನು ಮತ್ತೆ ನೋಡೋಣ. ತೂಮಾಯಿ ಕಾಲಾ ನಾಗನನ್ನು ಗುಂಡಿನಿಂದ ಉಳಿಸಲು ಕಾಡಿಗೆ ಓಡಿದವನು. ಕಾಡಿನಲ್ಲಿ ಅವನಿಗೆ ಯಾರೂ ಕಾಣದ ಹಿಂಡು ಕಂಡಿತು. ಕಾಲಾ ನಾಗನ ಬೆನ್ನ ಮೇಲೆ ಕೂತಿದ್ದರಿಂದ ಆ ಕಾಡಾನೆಗಳು ಅವನನ್ನು ಸೇರಿಸಿಕೊಂಡವು. ಆ ಗುಟ್ಟನ್ನು ಅವನು ತಂದು ಕೊಟ್ಟದ್ದು ಪೀಟರ್ಸನ್ನನಿಗೆ. ಹಿಂಡೆಲ್ಲ ದೊಡ್ಡಿಗೆ ಬಿತ್ತು. ಬೇಟೆಗಾರರೆಲ್ಲ ಹುಡುಗನಿಗೆ ಜಯಕಾರ ಮಾಡಿದರು. ಚಿತ್ರ ಇದನ್ನು ಸಂತೋಷದ ಮುಕ್ತಾಯವೆಂದು ತೋರಿಸುತ್ತದೆ. ಬಾಲಕನ ಕಣ್ಣಿನಿಂದ ನೋಡಿದರೆ ಸಂತೋಷವೇ. ಅಪ್ಪ ಸತ್ತ ಹುಡುಗ, ಹೊಟ್ಟೆಪಾಡಿಗೆ ಇನ್ನೊಬ್ಬರ ಲಾಯವನ್ನು ನೆಚ್ಚಿದವನು. ಅವನಿಗೆ ಉದ್ಯೋಗ ಸಿಕ್ಕಿತು, ಮಾನ ಸಿಕ್ಕಿತು, ಅವನ ಆನೆ ಉಳಿಯಿತು. ಅವನು ಮಾಡಿದ್ದನ್ನು ತಪ್ಪೆಂದು ಹೇಳಲು ನಮಗೆ ನಾಲಿಗೆ ಬರುವುದಿಲ್ಲ. ಆದರೆ ಕಾಲಾ ನಾಗನೂ ಒಂದು ಕಾಲಕ್ಕೆ ಹಾಗೆಯೇ ಹೊಳೆ ದಾಟಿ ಬಂದವನು ಎಂಬುದನ್ನು ಚಿತ್ರ ಬಾಯಿ ಬಿಟ್ಟು ಹೇಳುವುದಿಲ್ಲ. ಒಂದು ಆನೆಯನ್ನು ಉಳಿಸಿದ ಪ್ರೀತಿಗೆ ಬೆಲೆ ಕೊಟ್ಟದ್ದು ಆ ಹಿಂಡು. ಇನ್ನೊಂದು ಸಂಗತಿಯೂ ಉಂಟು. ಚಿತ್ರದಲ್ಲಿ ದುಷ್ಟನೆಂದು ತೋರಿಸಿರುವುದು ಆನೆಗೆ ಹೊಡೆಯುವ ಆ ಒಬ್ಬ ಮಾವುತನನ್ನು. ಹೊಡೆಯುವವನು ಕೆಟ್ಟವನು, ಮುದ್ದಿಸುವವನು ಒಳ್ಳೆಯವನು ಎಂದು ಕಥೆ ಇಬ್ಬರ ನಡುವೆ ಗೆರೆ ಎಳೆಯುತ್ತದೆ. ಸಂಬಳಕ್ಕೆ ದುಡಿಯುವ ಇಬ್ಬರು ಮಾವುತರ ನಡುವೆ ಈ ನ್ಯಾಯ ತೀರ್ಮಾನವಾಗುವಷ್ಟರಲ್ಲಿ, ಹಿಂಡನ್ನು ಹಿಡಿಸಿದ ಪೀಟರ್ಸನ್ ಸಾಹೇಬ ಯಾರ ಕೈಗೂ ಸಿಕ್ಕದೆ ಒಳ್ಳೆಯವನಾಗಿಯೇ ಉಳಿಯುತ್ತಾನೆ. ನಮ್ಮಂಥ ಗುಮಾಸ್ತರಿಗೂ ಕೂಲಿಕಾರರಿಗೂ ಇದು ಬೇಗ ಕಾಣಬೇಕಾದ ಸಂಗತಿ.

ಸಾಬುವಿನ ಮುಂದಿನ ಬಾಳನ್ನು ಸ್ವಲ್ಪದರಲ್ಲಿ ಹೇಳುತ್ತೇವೆ. ಇಂಗ್ಲೆಂಡಿಗೆ ಹೋದವನು ಲಾಯಕ್ಕೆ ಮರಳಲಿಲ್ಲ. ‘ದಿ ಡ್ರಮ್’ ೧೯೩೮ರಲ್ಲಿ, ‘ಥೀಫ್ ಆಫ್ ಬಗ್ದಾದ್’ ೧೯೪೦ರಲ್ಲಿ ಬಂದವು. ಆಮೇಲೆ ಅಮೆರಿಕ, ೧೯೪೨ರ ‘ಜಂಗಲ್ ಬುಕ್’ ಚಿತ್ರದಲ್ಲಿ ಮೋಗ್ಲಿಯಾದ. ೧೯೪೪ರಲ್ಲಿ ಅಮೆರಿಕದ ಪೌರನಾಗಿ, ಯುದ್ಧದಲ್ಲಿ ಬಾಂಬರ್ ವಿಮಾನದ ಹಿಂಬದಿಯ ತೋಪುಗಾರನಾಗಿ ದುಡಿದು ಪದಕ ಪಡೆದ. ಯುದ್ಧ ಮುಗಿದ ಮೇಲೆ ಒಳ್ಳೆಯ ಪಾತ್ರಗಳು ಕಡಿಮೆಯಾದವು. ‘ಮದರ್ ಇಂಡಿಯಾ’ ಚಿತ್ರಕ್ಕೆ ಅವನನ್ನು ಹಾಕಿಕೊಳ್ಳಬೇಕೆಂದು ಮುಂಬಯಿಯ ಮೆಹಬೂಬ್ ಖಾನ್ ಯೋಚಿಸಿದ್ದ, ಅದು ಕೈಗೂಡಲಿಲ್ಲ. ೧೯೬೩ರ ಡಿಸೆಂಬರ್ ೨ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಇನ್ನೂ ನಲವತ್ತಾಗಿರಲಿಲ್ಲ. ಕೊನೆಯ ಚಿತ್ರ ಡಿಸ್ನಿಯವರ ‘ಎ ಟೈಗರ್ ವಾಕ್ಸ್’ ಅವನು ಸತ್ತ ಮೇಲೆ, ೧೯೬೪ರಲ್ಲಿ, ತೆರೆ ಕಂಡಿತು. ಅದೂ ಮನೆಮಂದಿಯ ಚಿತ್ರವೇ. ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯನ್ನು ಕೊಲ್ಲಬೇಕೆಂದು ಊರ ದೊಡ್ಡವರು ಹೊರಡುತ್ತಾರೆ, ಉಳಿಸಬೇಕೆಂದು ಮಕ್ಕಳು ಹಣ ಕೂಡಿಸುತ್ತಾರೆ. ಸಾಬು ಅದರಲ್ಲಿ ಹುಲಿ ಪಳಗಿಸುವವನು. ಗುಂಡಿನಿಂದ ಉಳಿದ ಹುಲಿ ಕೊನೆಗೆ ಸೇರುವುದು ಮೃಗಾಲಯವನ್ನು. ತೂಮಾಯಿಯ ಕಥೆಗೂ ಇದಕ್ಕೂ ನಡುವೆ ಇಪ್ಪತ್ತೇಳು ವರ್ಷ ಕಳೆದಿದ್ದರೂ ಹೊರಬಿದ್ದ ಪ್ರಾಣಿ ಮರಳಿ ಹೋಗಲು ಕಾಡು ಎಂಬುದು ಅಲ್ಲಿಯೂ ಯಾರ ಲೆಕ್ಕದಲ್ಲೂ ಇಲ್ಲ.

ಕಾಕನಕೋಟೆಯ ಕೊನೆಯ ಖೆಡ್ಡಾ ೧೯೭೧ರಲ್ಲಿ ನಡೆಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆ ೧೯೭೨ರಲ್ಲಿ ಬಂತು. ೧೯೭೭ರಲ್ಲಿ ಆನೆಯನ್ನು ಆ ಕಾಯಿದೆಯ ಮೊದಲ ಪಟ್ಟಿಗೆ ಸೇರಿಸಿದರು. ಕಬಿನಿಗೆ ಅಣೆಕಟ್ಟು ಎದ್ದು, ಹಳೆಯ ಖೆಡ್ಡಾ ನಡೆಯುತ್ತಿದ್ದ ನೆಲವ�ನ್ನು ಹಿನ್ನೀರು ಮುಚ್ಚಿತು. ಈಗ ಬೇಸಿಗೆಯಲ್ಲಿ ಆ ನೀರು ಇಳಿದಾಗ ಹೊರಬರುವ ಹಸಿ ಹುಲ್ಲಿಗೆ ನಾಗರಹೊಳೆ, ಬಂಡೀಪುರ, ವಯನಾಡಿನ ಕಡೆಗಳಿಂದ ಆನೆಗಳು ನೂರಾರು ಬಂದು ಸೇರುತ್ತವೆ. ಕಿಪ್ಲಿಂಗ್ ಕಲ್ಪಿಸಿದ ಕುಣಿತ ಅಲ್ಲಿಲ್ಲ. ಮರಿಗಳು ಕೆಸರಿನಲ್ಲಿ ಹೊರಳುವುದು, ಹಿಂಡಿಗೆ ಹಿಂಡು ಸೊಂಡಿಲು ಚಾಚಿ ಮೂಸುವುದು ಉಂಟು.

ಖೆಡ್ಡಾ ನಿಂತರೂ ಖೆಡ್ಡಾದಲ್ಲಿ ಸಿಕ್ಕ ಆನೆಗಳ ಕಥೆ ಮುಗಿಯಲಿಲ್ಲ. ೧೯೬೮ರಲ್ಲಿ ಕಾಕನಕೋಟೆಯಲ್ಲಿ ಹಿಡಿದ ಗಂಡಾನೆಯೊಂದು ಮುಂದೆ ಅರ್ಜುನ ಎಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾಯಿತು. ಕಾಲಾ ನಾಗನಿಗೆ ಬಂದಂಥ ಅಪವಾದ ಅರ್ಜುನನಿಗೂ ಬಂದಿತ್ತು. ಒಬ್ಬ ಮಾವುತನ ಸಾವಿಗೆ ಕಾರಣನೆಂದು ಕೆಲವು ವರ್ಷ ದಸರೆಯಿಂದ ದೂರವಿಟ್ಟರು. ಆಮೇಲೆ ೨೦೧೨ರಿಂದ ೨೦೧೯ರವರೆಗೆ ಎಂಟು ಸಲ, ಏಳುನೂರೈವತ್ತು ಕಿಲೋ ತೂಕದ ಅಂಬಾರಿಯನ್ನು ಅವನೇ ಹೊತ್ತ. ಅರವತ್ತು ದಾಟಿತೆಂದು ಅಂಬಾರಿಯ ಕೆಲಸದಿಂದ ಬಿಡಿಸಿದರು. ಆದರೂ ೨೦೨೩ರ ಡಿಸೆಂಬರ್ ೪ರಂದು ಹಾಸನ ಜಿಲ್ಲೆಯ ಯಸಳೂರು ಕಡೆ ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಗೆ ಅವನನ್ನು ಕುಂಕಿಯಾಗಿ ಕರೆದೊಯ್ದರು. ಅಲ್ಲಿ ಮದವೇರಿದ ಒಂಟಿ ಸಲಗದೊಡನೆ ಕಾದಾಡಿ ಅರ್ಜುನ ಸತ್ತ. ಅವನ ಮಾವುತ ಆ ದೊಡ್ಡ ಮೈಯನ್ನು ತಬ್ಬಿಕೊಂಡು, ತನ್ನ ಆನೆಯನ್ನು ತನಗೆ ಕೊಡಿ ಎಂದು ಗೋಳಾಡಿದ್ದನ್ನು ಪತ್ರಿಕೆಗಳಲ್ಲಿ, ದೂರದರ್ಶನದಲ್ಲಿ ನಾಡೆಲ್ಲ ನೋಡಿತು. ಚಿತ್ರದ ಹುಡುಗ ಆನೆಯ ಮೇಲೆ ತೋರಿಸುವ ಪ್ರೀತಿ ನಾಟಕವೋ ನಿಜವೋ ಎಂದು ಸಂದೇಹಪಡುವವರು ಆ ಮಾವುತನನ್ನು ನೆನೆದುಕೊಳ್ಳಬಹುದು. ಆ ಪ್ರೀತಿಯಿದ್ದೂ ಅರ್ಜುನ ಐವತ್ತೈದು ವರ್ಷ ಸರಪಳಿಯಲ್ಲಿದ್ದ. ಅವನು ಸತ್ತದ್ದು ಇನ್ನೊಂದು ಕಾಡಾನೆಯನ್ನು ಹಿಡಿಯುವ ಕೆಲಸದಲ್ಲಿ.

ಚಿತ್ರದ ಉದ್ದ ಸುಮಾರು ಎಂಬತ್ತು ನಿಮಿಷ, ಕಪ್ಪು ಬಿಳುಪಿನದು. ಇಂಗ್ಲಿಷು ಬಾರದ ಮಕ್ಕಳೂ ಅರ್ಧಕ್ಕಿಂತ ಹೆಚ್ಚನ್ನು ಕಣ್ಣಿನಿಂದಲೇ ಅರಿಯುತ್ತಾರೆ. ಹುಲಿ ತಂದೆಯನ್ನು ಕೊಲ್ಲುವ ಭಾಗದಲ್ಲಿ ತೀರ ಚಿಕ್ಕವರು ಹೆದರಬಹುದು, ಪಕ್ಕದಲ್ಲಿ ದೊಡ್ಡವರಿರುವುದು ಒಳ್ಳೆಯದು. ಹಿಂಡು ಹೊಳೆಗೆ ಬೀಳುವ ದೃಶ್ಯ ಬಂದಾಗ ಅದು ನಮ್ಮ ಕಬಿನಿ ಎಂದು ಅವರಿಗೆ ಹೇಳಿ. ಆ ಆನೆಗಳು ಆಮೇಲೆ ಎಲ್ಲಿಗೆ ಹೋದವು ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಉತ್ತರ ನಿಮಗೆ ಈಗ ಗೊತ್ತಿದೆ.